ಅವ್ವ ಸೈನ್ ಹಾಕಿದ್ದಾಳೆ ಅಂದ್ರೆ ಓದಿದ್ದಾಳೆ ಅಂತಲ್ಲ: ಮಂಡ್ಯ ಜಿಲ್ಲೆಯ ಪ್ರೈಮರಿ ಶಾಲೆ ಮೇಷ್ಟ್ರು, ಮಿಸ್ಸುಗಳಿಗೆ ಒಂದು ಬಹಿರಂಗ ಪತ್ರ

ಮಂಡ್ಯ ಜಿಲ್ಲೆಯ ಪ್ರೈಮರಿ ಶಾಲೆಗಳ ಎಲ್ಲಾ ಮೇಷ್ಟ್ರಿಗೆ, ಮಿಸ್ಸುಗಳಿಗೆ, ಹೆಡ್ ಮಾಸ್ಟ್ರಿಗೆ, ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮತ್ತು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಾಹೇಬ್ರಿಗೆ,

ನಮಸ್ಕಾರಗಳು.

ನಾನು ಮದ್ದೂರು ತಾಲ್ಲೂಕಿನ ಒಂದು ಗ್ರಾಮ ಪಂಚಾಯ್ತಿ ಲೈಬ್ರರಿ ನೋಡ್ಕೊಳ್ಳೋಳು. ಬೋರ್ಡಲ್ಲಿ ಈಗ ಅರಿವು ಕೇಂದ್ರ ಅಂತಿದೆ, ಊರೋರ ಬಾಯಲ್ಲಿ ಇನ್ನೂ ಲೈಬ್ರರೀನೇ. ಬೆಳಿಗ್ಗೆ ಪೇಪರ್ ಓದೋಕೆ ವಯಸ್ಸಾದೋರು ಬರ್ತಾರೆ, ಮಧ್ಯಾಹ್ನ ಪೊಲೀಸ್ ಎಕ್ಸಾಮು ಅದೂ ಇದೂ ಅಂತ ಓದೋ ಹುಡುಗ್ರು ಬರ್ತಾರೆ, ಸಂಜೆ ನಾಲ್ಕೂವರೆ ಆದ್ಮೇಲೆ ಐಕ್ಳು. 2020ರ ನವೆಂಬರಲ್ಲಿ ‘ಓದುವ ಬೆಳಕು’ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಮೆಂಬರ್‌ಶಿಪ್ ಫ್ರೀ ಮಾಡಿದ್ಮೇಲೆ ಚಿಕ್ಕ ಮಕ್ಕಳು ಬರೋದು ಜಾಸ್ತಿ ಆಯ್ತು. ಕಥೆ ಪುಸ್ತಕಕ್ಕೆ ಬರ್ತಾರೆ ಅಂತ ನಾನು ಖುಷಿಯಾಗಿದ್ದೆ, ಆದ್ರೆ ಮುಕ್ಕಾಲು ಪಾಲು ಮಕ್ಕಳು ಬರೋದು ಹೋಮ್‌ವರ್ಕ್ ಹಿಡ್ಕೊಂಡು. ಮನೇಲಿ ಹೇಳ್ಕೊಡೋರು ಯಾರೂ ಇಲ್ಲ ಆಂಟಿ, ನೀವೇ ಹೇಳ್ಕೊಡಿ ಅಂತಾರೆ.

ಇದು ಯಾವ್ದೋ ಒಂದು ಶಾಲೆ ಮೇಲಿನ ದೂರಲ್ಲ, ಯಾರ ಹೆಸ್ರೂ ಹೇಳಲ್ಲ. ನಾನು ಕಂಡಿದ್ದು ಸರ್ಕಾರಿ ಶಾಲೇಲೂ ಇದೆ, ಹಳದಿ ವ್ಯಾನ್ ಬರೋ ಪ್ರೈವೇಟ್ ಶಾಲೇಲೂ ಇದೆ. ಬಹಳ ದಿನದಿಂದ ಮನಸ್ಸಲ್ಲೇ ಇಟ್ಕೊಂಡಿದ್ದೆ, ಹೋದ ವರ್ಷ ದಸರಾ ರಜೆ ಮುಗಿದ್ಮೇಲೆ ನಡೆದ ಒಂದು ವಿಷಯ ಆದ್ಮೇಲೆ ಸುಮ್ನಿರೋಕೆ ಆಗ್ಲಿಲ್ಲ.

ಒಂದು ಸಂಜೆ ತಡವಾಗಿ ಏಳೂಕಾಲಿಗೆ ನಾನು ಬಾಗಿಲು ಹಾಕೋ ಹೊತ್ತಲ್ಲಿ ಒಬ್ಬಳು ತಾಯಿ ಬಂದ್ರು. ಗಾರ್ಮೆಂಟ್ಸಲ್ಲಿ ಹೆಲ್ಪರ್ ಕೆಲ್ಸ, ಬೆಳಿಗ್ಗೆ ಏಳಕ್ಕೆ ವ್ಯಾನ್ ಹತ್ತಿದ್ರೆ ವಾಪಸ್ ಇಳಿಯೋದು ಆ ಹೊತ್ತಿಗೆ. ಊಟದ ಬ್ಯಾಗು ಇನ್ನೂ ಹೆಗಲ ಮೇಲಿತ್ತು, ಅದ್ರಿಂದ ಮಗಳ ಸ್ಕೂಲ್ ಡೈರಿ ತೆಗೆದು ಕೊಟ್ಟು, ‘ನಾಳೆ ಮೀಟಿಂಗ್‌ಗೆ ಬರ್ಬೇಕಂತೆ, ಇದ್ರಲ್ಲಿ ಫೀಸ್ ವಿಚಾರ ಏನಾರ ಬರ್ದವ್ರಾ ನೋಡವ್ವ’ ಅಂದ್ರು. ಮಗಳು ಮೂರನೇ ಕ್ಲಾಸು. ನಾನು ಒಂದೊಂದೇ ಪೇಜ್ ತಿರುವಿದೆ. ‘ಮಗ್ಗಿ 6ರಿಂದ 9 ಬರ್ತಿಲ್ಲ, ಮನೇಲಿ ಹೇಳ್ಕೊಡಿ.’ ‘ಒತ್ತಕ್ಷರ ತಪ್ಪು ಬರೀತಾಳೆ, ದಿನಾ ಒಂದು ಪೇಜ್ ಪ್ರಾಕ್ಟೀಸ್ ಮಾಡಿಸಿ.’ ‘ನೋಟ್ಸ್ ಕಂಪ್ಲೀಟ್ ಇಲ್ಲ.’ ಆಮೇಲಿನವು ಇಂಗ್ಲಿಷಲ್ಲಿ, ಮನೆಯವರು ಗಮನ ಕೊಡ್ತಿಲ್ಲ ಅನ್ನೋ ಅರ್ಥದ್ದು. ಎಲ್ಲಾ ಕೆಂಪು ಇಂಕು. ಎಲ್ಲದರ ಕೆಳಗೂ ಪೋಷಕರ ಸಹಿ ಅನ್ನೋ ಜಾಗದಲ್ಲಿ ದುಂಡಗೆ, ಒಂದಕ್ಷರ ಆಚೆ ಈಚೆ ಆಗದಂಗೆ ಆ ತಾಯಿ ಹೆಸ್ರು. ನಾನು ಎಣಿಸಿದೆ, ಹನ್ನೊಂದು ಸೈನ್ ಇತ್ತು.

ಇದನ್ನೆಲ್ಲಾ ಓದಿಲ್ವಾ ಅಕ್ಕ ಅಂತ ಕೇಳ್ದೆ. ‘ನಂಗೆ ಓದಕ್ಕೆ ಬರಕ್ಕಿಲ್ಲ ಕಣವ್ವ, ಸಂಘದಲ್ಲಿ ಸಾಲ ತಗಳಕ್ಕೆ ಹೆಸ್ರು ಬರೆಯಾದು ಕಲ್ಸಿದ್ರು ಅಷ್ಟೇಯ. ಮಗ ಡೈರಿ ತಂದು ಸೈನ್ ಆಕವ್ವ ಅಂತದೆ, ಆಕ್ತೀನಿ’ ಅಂದ್ರು.

ಶಾಲೇಲಿ ಆ ಮಿಸ್ ಏನ್ ಅಂದ್ಕೊಂಡಿರ್ತಾರೆ ನೋಡಿ. ಹನ್ನೊಂದು ಸಲ ಹೇಳಿದ್ದೀನಿ, ಹನ್ನೊಂದು ಸಲ ಓದಿ ಸೈನ್ ಹಾಕಿ ಕಳ್ಸಿದ್ದಾರೆ, ಆದ್ರೂ ಏನೂ ಮಾಡಿಲ್ಲ, ಎಂಥ ಬೇಜವಾಬ್ದಾರಿ ತಾಯಿ ಅಂತ. ತಾಯಿ ಏನ್ ಅಂದ್ಕೊಂಡಿದ್ರು, ಸೈನ್ ಹಾಕಿದ್ದೀನಿ, ನನ್ನ ಕೆಲ್ಸ ಆಯ್ತು ಅಂತ. ಇಬ್ರ ಮಧ್ಯೆ ಎಂಟು ವರ್ಷದ ಹುಡುಗಿ ಆರರ ಮಗ್ಗಿ ಹತ್ರ ನಾಲ್ಕು ತಿಂಗಳಿಂದ ನಿಂತಿದ್ಲು.

ಮಾರನೇ ದಿನ ಅರ್ಧ ದಿನದ ಸಂಬಳ ಬಿಟ್ಟು ಆಯಮ್ಮ ಮೀಟಿಂಗ್‌ಗೆ ಹೋದ್ರು. ಅಲ್ಲಿ ಮೂವತ್ತು ಜನ ಪೋಷಕರ ಮುಂದೆ, ‘ನೀವೇ ಓದಿಲ್ಲ ಅಂದ್ಮೇಲೆ ಮಗು ಹೆಂಗೆ ಓದುತ್ತೆ ಹೇಳಿ, ಒಂದು ಟ್ಯೂಷನ್ನಿಗಾದ್ರೂ ಹಾಕಿ’ ಅಂದ್ರಂತೆ. ಬೈಯ್ಬೇಕು ಅಂತ ಅಂದಿರ್ಲಿಕ್ಕಿಲ್ಲ, ಬೇಜಾರಲ್ಲಿ ಬಾಯಿಂದ ಬಂದಿರುತ್ತೆ, ಅದು ನಂಗೂ ಅರ್ಥ ಆಗುತ್ತೆ. ಆದ್ರೆ ಅವತ್ತಿಂದ ಆ ತಾಯಿ ಶಾಲೆ ಗೇಟಿನ ಕಡೆ ಹೋಗಿಲ್ಲ, ಮೀಟಿಂಗ್ ಅಂದ್ರೆ ಅತ್ತೇನ ಕಳಿಸ್ತಾರೆ. ಆ ಹುಡುಗಿ ಲೈಬ್ರರೀಲಿ ಇನ್ನೊಂದು ಹುಡುಗಿಗೆ ‘ನಮ್ಮವ್ವಂಗೆ ಏನೂ ಬರಲ್ಲ’ ಅಂತ ಹೇಳ್ತಿದ್ದಿದ್ದು ನನ್ನ ಕಿವಿಗೇ ಬಿತ್ತು. ಆ ಮಾತು ಮಗು ಬಾಯಿಗೆ ಮನೆಯಿಂದ ಬಂದಿದ್ದಲ್ಲ.

ಅಪ್ಪ ಅಮ್ಮ ಓದಿರೋದಕ್ಕೂ ಮಕ್ಕಳ ಓದಿಗೂ ಸಂಬಂಧನೇ ಇಲ್ಲ ಅಂತ ನಾನು ವಾದ ಮಾಡ್ತಿಲ್ಲ. ಇದೆ, ದಿನಾ ಕಣ್ಮುಂದೆ ನೋಡ್ತೀನಿ. ಅದೇ ಮೂರನೇ ಕ್ಲಾಸಲ್ಲಿ ಸೊಸೈಟಿ ಸೆಕ್ರೆಟರಿ ಒಬ್ರ ಮಗಳಿದ್ದಾಳೆ, ತಾಯಿ ಬಿಕಾಂ. ಆ ಮಗು ಲೈಬ್ರರಿಗೆ ಬರೋ ದಾರೀಲೇ ಓದ್ತಾ ಬರುತ್ತೆ, ಅಂಗಡಿ ಬೋರ್ಡು, ಬಸ್ಸಿನ ಬೋರ್ಡು, ಗೊಬ್ಬರದ ಮೂಟೆ ಮೇಲಿರೋದು, ಎಲ್ಲಾನೂ. ಯಾಕೆ ಅಂದ್ರೆ ಅವಳ ಜೊತೆ ನಡ್ಕೊಂಡು ಬರೋರು ಎರಡು ವರ್ಷ ಆದಾಗಿಂದ ಅದನ್ನ ಓದಿ ಹೇಳಿದ್ದಾರೆ. ಪರೀಕ್ಷೆ ಅಂದ್ರೆ ಏನು, ಯಾವ ಪ್ರಶ್ನೆಗೆ ಎಷ್ಟು ಬರೀಬೇಕು, ಅಂಕ ಕಮ್ಮಿ ಬಂದ್ರೆ ಯಾರನ್ನ ಕೇಳ್ಬೇಕು, ಇದೆಲ್ಲಾ ಆ ಮನೇಲಿ ಊಟದ ಹೊತ್ತಲ್ಲಿ ಸಹಜವಾಗಿ ಬರೋ ಮಾತು. ಮೀಟಿಂಗಲ್ಲೂ ಆ ತಾಯಿ ‘ಮಿಸ್, ಯಾವ ಪಾಠದಲ್ಲಿ ಹಿಂದೆ ಇದ್ದಾಳೆ, ಭಾಗಾಕಾರನಾ ವ್ಯವಕಲನನಾ’ ಅಂತ ಕೇಳ್ತಾರೆ, ಗಾರ್ಮೆಂಟ್ಸ್ ತಾಯಿ ‘ನಾಲ್ಕು ಬಾರ್ಸಿ ಮಿಸ್, ನಮ್ ಮಾತ್ ಕೇಳಕ್ಕಿಲ್ಲ’ ಅಂತಾರೆ. ಇಬ್ರಿಗೂ ಮಗಳ ಮೇಲೆ ಇರೋ ಆಸೆ ಒಂದೇ. ಒಬ್ರಿಗೆ ಶಾಲೆ ಭಾಷೆ ಬರುತ್ತೆ, ಇನ್ನೊಬ್ರಿಗೆ ಬರಲ್ಲ, ಹಾಗಾಗಿ ಮೊದಲನೇ ಅವ್ರಿಗೆ ಉತ್ತರ ಸಿಗುತ್ತೆ, ಎರಡನೇ ಅವ್ರಿಗೆ ಬುದ್ಧಿಮಾತು ಸಿಗುತ್ತೆ.

ಲಾಕ್‌ಡೌನಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಯ್ತು. 2020ರ ಮಾರ್ಚಲ್ಲಿ ಶಾಲೆ ಮುಚ್ಚಿದ್ಮೇಲೆ ಕಲಿಕೆ ಪೂರ್ತಿ ಮನೆ ಮೇಲೆ ಬಿತ್ತು, ಓದಿದ ಮನೆ ಮಕ್ಕಳು ಹೆಂಗೋ ಮುಂದೆ ಹೋದ್ರು, ಓದದ ಮನೆ ಮಕ್ಕಳು ಬಂದಿದ್ದ ಅಕ್ಷರಾನೂ ಮರೆತು ವಾಪಸ್ ಬಂದ್ರು. ವಿದ್ಯಾಗಮ ಅಂತ ಮೇಷ್ಟ್ರುಗಳು ದೇವಸ್ಥಾನದ ಜಗಲೀಲಿ, ಮರದ ಕೆಳಗೆ ಮಕ್ಕಳನ್ನ ಕೂರಿಸಿ ಪಾಠ ಮಾಡಿದ್ರಲ್ಲ, ಅದು ಎಷ್ಟೋ ಮನೆಗೆ ಆಸರೆ ಆಗಿತ್ತು. ಮನೆಗಳ ನಡುವಿನ ಆ ಅಂತರ ಮುಚ್ಚೋಕೆ ಇರೋದೇ ಶಾಲೆ ಅಂತ ಆಗ ನಿಮಗೂ ಕಂಡಿತ್ತು, ನಮಗೂ ಕಂಡಿತ್ತು.

ಜಿಲ್ಲೆ ಲೆಕ್ಕ ನೋಡಿ. 2011ರ ಜನಗಣತಿ ಪ್ರಕಾರ ಮಂಡ್ಯ ಜಿಲ್ಲೇಲಿ ಸಾಕ್ಷರತೆ ಸುಮಾರು ಶೇ. 70, ಹೆಂಗಸರದ್ದು ಮಾತ್ರ ತಗೊಂಡ್ರೆ ಸುಮಾರು 62. ಅದ್ರಲ್ಲಿ ಅಜ್ಜಿಯರೂ ಸೇರಿದ್ದಾರೆ, ಈಗಿನ ಚಿಕ್ಕ ವಯಸ್ಸಿನ ತಾಯಂದಿರು ಏಳನೇದೋ ಎಸ್ಸೆಸ್ಸೆಲ್ಸಿನೋ ಓದಿರೋರು ಬಹಳ ಜನ ಇದ್ದಾರೆ ಅನ್ನೋದೂ ನಿಜ. ಆದ್ರೆ ಸೈನ್ ಬರೋರೆಲ್ಲಾ ಸಾಕ್ಷರರು ಅಂತ ಲೆಕ್ಕಕ್ಕೆ ಬಂದಿರೋ ಮನೆ ಎಷ್ಟಿದ್ಯೋ ಅದು ನಿಮ್ಮ ರಿಜಿಸ್ಟರಲ್ಲಿ ಕಾಣ್ಸಲ್ಲ. ಇನ್ನೊಂದು ಮಾತು ಇಲ್ಲೇ ಹೇಳ್ಬಿಡ್ತೀನಿ, ಇದು ನಂಗೆ ಬಹಳ ನೋವು ಕೊಡೋ ವಿಷಯ. ಕನ್ನಡ ಮೀಡಿಯಮಲ್ಲಿ ಏಳನೇ ಕ್ಲಾಸ್ ತನಕ ಚೆನ್ನಾಗಿ ಓದಿದ್ದ ತಾಯಿ, ಕಥೆ ಓದಿ ಹೇಳೋ ಶಕ್ತಿ ಇರೋಳು, ಮಗೂನ ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದ ದಿನದಿಂದ ಆ ಮನೇಲಿ ಓದು ಬರಹ ಇಲ್ಲದೋಳ ಥರ ಆಗ್ಬಿಡ್ತಾಳೆ. ಡೈರಿ ಇಂಗ್ಲಿಷು, ಗಣಿತದ ಪ್ರಶ್ನೆ ಇಂಗ್ಲಿಷು, ವಾಟ್ಸಾಪ್ ಮೆಸೇಜೂ ಇಂಗ್ಲಿಷು. ಮೊದಲು ಹೆಮ್ಮೆಯಿಂದ ಹೇಳ್ಕೊಡ್ತಿದ್ದೋಳು ಈಗ ಡೈರಿ ಹಿಡ್ಕೊಂಡು ನನ್ನ ಟೇಬಲ್ ಮುಂದೆ ನಿಲ್ತಾಳೆ. ಇಂಗ್ಲಿಷ್ ಕಲಿಸ್ಬೇಡಿ ಅಂತಲ್ಲ ನಾನು ಹೇಳ್ತಿರೋದು. ತಾಯಿಗೆ ಹೇಳೋ ಮಾತನ್ನಾದ್ರೂ ತಾಯಿಗೆ ಬರೋ ಭಾಷೇಲಿ ಹೇಳಿ.

ಈಗ ಕಾನೂನಿನ ಮಾತಿಗೆ ಬರ್ತೀನಿ, ಯಾಕಂದ್ರೆ ‘ಮನೇಲಿ ಓದಿಸೋದು ಪೋಷಕರ ಕರ್ತವ್ಯ’ ಅಂತ ಮೀಟಿಂಗಲ್ಲಿ ಪದೇ ಪದೇ ಹೇಳ್ತೀರಿ. ಶಿಕ್ಷಣ ಹಕ್ಕು ಕಾಯ್ದೆ ಬಂದಿದ್ದು 2009ರಲ್ಲಿ, ಜಾರಿ ಆಗಿದ್ದು 2010ರ ಏಪ್ರಿಲ್ 1ರಿಂದ. ಅದ್ರ 10ನೇ ಸೆಕ್ಷನ್ ಪೋಷಕರ ಕರ್ತವ್ಯ ಏನು ಅಂತ ಹೇಳುತ್ತೆ, ಮಗೂನ ಶಾಲೆಗೆ ಸೇರಿಸೋದು. ಮಗ್ಗಿ ಹೇಳ್ಕೊಡ್ಬೇಕು, ಪ್ರಾಜೆಕ್ಟ್ ಮಾಡಿಸ್ಬೇಕು ಅಂತ ಅಲ್ಲಿ ಒಂದು ಮಾತೂ ಇಲ್ಲ. 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯ ಹೇಳುತ್ತೆ, ಪ್ರತಿ ಮಗು ಎಷ್ಟು ಕಲೀಬಲ್ಲದು ಅಂತ ನೋಡಿ ಬೇಕಾದ ಮಗುಗೆ ಹೆಚ್ಚುವರಿ ಪಾಠ ಕೊಡೋದು, ಮತ್ತೆ ಪೋಷಕರ ಜೊತೆ ನಿಯಮಿತವಾಗಿ ಸಭೆ ಮಾಡಿ ಮಗುವಿನ ಹಾಜರಿ, ಕಲಿಕೆ, ಪ್ರಗತಿ ಬಗ್ಗೆ ತಿಳಿಸೋದು. ಹೆಚ್ಚುವರಿ ಪಾಠ ಶಾಲೆಯ ಕೆಲ್ಸ ಅಂತ ಕಾಯ್ದೆನೇ ಬರ್ದಿದೆ, ನಾವು ಅದನ್ನ ಕೆಂಪು ಇಂಕಲ್ಲಿ ಬರ್ದು ಮನೆಗೆ ಕಳಿಸ್ತಿದ್ದೀವಿ. 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯೋದು ಮಾತ್ರ ಅಲ್ಲ ಮಾನಸಿಕ ಹಿಂಸೆನೂ ಕೂಡದು ಅನ್ನುತ್ತೆ. ಹೋಮ್‌ವರ್ಕ್ ಮಾಡಿಲ್ಲ ಅಂತ ಮಗೂನ ಬೆಂಚ್ ಮೇಲೆ ನಿಲ್ಲಿಸಿ ‘ಇವ್ರ ಮನೇಲಿ ಯಾರೂ ಓದಿಲ್ಲ’ ಅಂದ್ರೆ ಅದು ಏನು ಅಂತ ನೀವೇ ಯೋಚ್ನೆ ಮಾಡಿ.

ಹೋಮ್‌ವರ್ಕ್ ವಿಷಯದಲ್ಲಿ ಹೊಸದಾಗಿ ಏನೂ ಕೇಳ್ತಿಲ್ಲ. 2019ರಲ್ಲೇ ನಮ್ಮ ರಾಜ್ಯ ಸರ್ಕಾರ ಬ್ಯಾಗಿನ ತೂಕದ ಆದೇಶದ ಜೊತೆ ಒಂದು, ಎರಡನೇ ಕ್ಲಾಸಿಗೆ ಹೋಮ್‌ವರ್ಕ್ ಕೊಡಬಾರದು ಅಂತ ಹೇಳಿದೆ. 2020ರಲ್ಲಿ ಬಂದ ಕೇಂದ್ರದ ಸ್ಕೂಲ್ ಬ್ಯಾಗ್ ನೀತಿ ಮೂರರಿಂದ ಐದನೇ ಕ್ಲಾಸಿಗೆ ವಾರಕ್ಕೆ ಎರಡು ಗಂಟೆಗಿಂತ ಜಾಸ್ತಿ ಬೇಡ ಅಂತು. ದಿನಕ್ಕೆ ಅಲ್ಲ, ವಾರಕ್ಕೆ. ನನ್ನ ಲೈಬ್ರರೀಲಿ ಎರಡನೇ ಕ್ಲಾಸಿನ ಮಗು ಚಾರ್ಟ್ ಪೇಪರ್ ಹಿಡ್ಕೊಂಡು ಬರುತ್ತೆ, ‘ನಮ್ಮ ಸಹಾಯಕರು’ ಅಂತ ಹತ್ತು ಚಿತ್ರ ಅಂಟಿಸ್ಬೇಕಂತೆ. ಚಿತ್ರ ಎಲ್ಲಿಂದ ತರೋದು, ಮದ್ದೂರಿಗೆ ಹೋಗಿ ಕಲರ್ ಪ್ರಿಂಟ್ ಹಾಕಿಸ್ಬೇಕು. ಅಪ್ಪ ಆಲೆಮನೇಲಿ ಕೊಪ್ಪರಿಗೆ ಮುಂದೆ ನಿಂತ್ಕೊಳ್ಳೋ ಮನುಷ್ಯ, ಕೂಲಿ ಬಿಟ್ಟು ಬಸ್ ಹತ್ತಿ ಹೋಗಿ ಬಂದು, ಕೊನೆಗೆ ಅಂಟಿಸಿದ್ದು ನಾನು, ಹೆಸ್ರು ಬರೆದಿದ್ದು ಪಕ್ಕದ ಮನೆ ಹೈಸ್ಕೂಲ್ ಹುಡುಗಿ. ಆ ಮಗು ಕಲ್ತಿದ್ದು ಏನು ಅಂತ ಇವತ್ತಿಗೂ ನಂಗೆ ಗೊತ್ತಿಲ್ಲ. ಮಾರನೇ ದಿನ ಅದ್ರ ಚಾರ್ಟಿಗೆ ಸ್ಟಾರ್ ಸಿಕ್ತು, ಚಾರ್ಟ್ ತರದೇ ಇದ್ದ ಇನ್ನಿಬ್ರನ್ನ ಹಿಂದಿನ ಸಾಲಿಗೆ ಕಳಿಸಿದ್ರು. ಆ ಇಬ್ರೂ ಅವತ್ತು ಸಂಜೆ ನನ್ನ ಹತ್ರ ಬಂದಿದ್ರು.

ನಮ್ಮ ಕಡೆಯವ್ರೇ ಇದಕ್ಕೆ ಒಂದು ಸಲ ಉತ್ತರ ಕಂಡು ಹಿಡಿದಿದ್ರು, ಅದನ್ನ ನೆನಪು ಮಾಡ್ಬೇಕು ಅನ್ನಿಸುತ್ತೆ. ಚಿಕ್ಕ ಕ್ಲಾಸಿನ ಮಕ್ಕಳು ಕಾರ್ಡ್ ಹಿಡ್ಕೊಂಡು ಆಡ್ತಾ ಕಲಿಯೋ ನಲಿ-ಕಲಿ ಪದ್ಧತಿ ಹುಟ್ಟಿದ್ದು ಬೆಂಗಳೂರಿನ ಆಫೀಸಲ್ಲಲ್ಲ, ಪಕ್ಕದ ಮೈಸೂರು ಜಿಲ್ಲೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ, 1995ರಲ್ಲಿ. ಆಂಧ್ರದ ರಿಷಿ ವ್ಯಾಲಿ ಶಾಲೆಯ ಪದ್ಧತಿ ನೋಡ್ಕೊಂಡು ಬಂದ ಮೇಷ್ಟ್ರುಗಳೇ ಕೂತು ಕಾರ್ಡ್ ಮಾಡಿದ್ರು, ಯೂನಿಸೆಫ್ ಸಹಾಯ ಇತ್ತು. ಕೋಟೆ ಅಂದ್ರೆ ಕಾಡಂಚಿನ ತಾಲ್ಲೂಕು, ಆದಿವಾಸಿಗಳ ಹಾಡಿಗಳಿರೋ ತಾಲ್ಲೂಕು, ಮನೇಲಿ ಓದಿಸೋರು ಇರ್ತಾರೆ ಅಂತ ನಂಬ್ಕೊಂಡು ಅಲ್ಲಿ ಪಾಠ ಮಾಡೋಕೆ ಆಗ್ತಿರಲಿಲ್ಲ. ಅದಕ್ಕೇ ಇರ್ಬೇಕು, ಇಡೀ ಕಲಿಕೆ ಶಾಲೆ ಒಳಗೇ ಆಗೋ ಹಂಗೆ ಕಟ್ಟಿದ್ರು. ಕಲಿಕಾ ಏಣಿ ಗೋಡೆ ಮೇಲೆ, ಕಾರ್ಡ್ ತಟ್ಟೇಲಿ, ಮಗು ತಾನು ನಿಂತ ಮೆಟ್ಟಿಲಿಂದಾನೇ ಮುಂದಿನ ಮೆಟ್ಟಿಲು ಹತ್ಬೇಕು, ಹಬ್ಬಕ್ಕೋ ಜ್ವರಕ್ಕೋ ನಾಲ್ಕು ದಿನ ಬರದೇ ಇದ್ರೂ ಬಿಟ್ಟ ಕಾರ್ಡಿಂದ ಶುರು. ಆ ಏಣಿ ಹತ್ತೋಕೆ ಅಮ್ಮ ಬಿಕಾಂ ಆಗಿರ್ಬೇಕಿರಲಿಲ್ಲ. ಅದು ಆಮೇಲೆ 2009-10ರಲ್ಲಿ ಇಡೀ ರಾಜ್ಯಕ್ಕೆ ಹೋಯ್ತು. ಈಗ ನಲಿ-ಕಲಿ ಅಂದ್ರೆ ಕೆಲವು ಕಡೆ ಮಕ್ಕಳು ನೆಲದ ಮೇಲೆ ದುಂಡಗೆ ಕೂರೋದು ಮಾತ್ರ ಉಳಿದಿದೆ. ನಾಲ್ಕನೇ ಕ್ಲಾಸಿಗೆ ಬಂದ ತಕ್ಷಣ ಏಣಿ ಹೋಗಿ ಡೈರಿ ಬರುತ್ತೆ, ಅಲ್ಲಿಂದ ಮಗು ಮತ್ತೆ ಮನೆಯ ಪಾಲು.

ಹಾಗಾದ್ರೆ ತಾಯಂದಿರಿಗೇ ಅಕ್ಷರ ಕಲಿಸಿಬಿಟ್ರೆ ಆಯ್ತಲ್ಲ ಅಂತ ಒಬ್ರು ಮೇಷ್ಟ್ರು ನನ್ನ ಕೇಳಿದ್ರು. ಕಲಿಸ್ಬೇಕು, ಖಂಡಿತ ಕಲಿಸ್ಬೇಕು, ಅದು ಆ ಹೆಂಗಸಿನ ಹಕ್ಕು. ಆದ್ರೆ ಅದ್ರಿಂದ ಮಗುವಿನ ತೊಂದ್ರೆ ಪೂರ್ತಿ ಹೋಗಲ್ಲ. ಬಿಹಾರ, ರಾಜಸ್ಥಾನದ ಹಳ್ಳಿಗಳಲ್ಲಿ ಒಂದು ದೊಡ್ಡ ಪ್ರಯೋಗ ಮಾಡಿ 2017ರಲ್ಲಿ ಫಲಿತಾಂಶ ಬರ್ದಿದ್ದಾರೆ. ಕೆಲವು ತಾಯಂದಿರಿಗೆ ಓದು ಬರಹದ ತರಗತಿ, ಕೆಲವ್ರಿಗೆ ಮನೇಲಿ ಮಗುಗೆ ಹೆಂಗೆ ಸಹಾಯ ಮಾಡ್ಬೇಕು ಅನ್ನೋ ತರಬೇತಿ, ಕೆಲವ್ರಿಗೆ ಎರಡೂ. ಮೂರರಲ್ಲೂ ಮಕ್ಕಳ ಗಣಿತ ಸ್ವಲ್ಪ ಸುಧಾರಿಸ್ತು, ಸ್ವಲ್ಪ ಮಾತ್ರ. ಆದ್ರೆ ತಾಯಂದಿರು ಮಗುವಿನ ಓದಿನಲ್ಲಿ ತಲೆ ಹಾಕೋದು ಜಾಸ್ತಿ ಆಯ್ತು. ಇದ್ರಿಂದ ನಂಗೆ ಎರಡು ವಿಷಯ ತಿಳೀತು. ಓದು ಬರದ ತಾಯಿನೂ ದಾರಿ ತೋರಿಸಿದ್ರೆ ಮಾಡ್ತಾಳೆ. ಮತ್ತೆ ಎಲ್ಲಾ ಭಾರ ಅವಳ ಮೇಲೆ ಹಾಕಿದ್ರೆ ಸಾಲಲ್ಲ, ಶಾಲೆ ತನ್ನ ಕೆಲ್ಸ ಮಾಡ್ಲೇಬೇಕು. ಇನ್ನೂ ಹಿಂದೆ 1983ರಲ್ಲಿ ಹೈನ್‌ಮನ್, ಲಾಕ್ಸ್‌ಲಿ ಅನ್ನೋ ಇಬ್ರು ಸಂಶೋಧಕರು 29 ದೇಶಗಳ ಮಕ್ಕಳ ಅಂಕ ಹೋಲಿಸಿ ನೋಡಿದ್ರು. ಶ್ರೀಮಂತ ದೇಶದಲ್ಲಿ ಮನೆ ಹೆಂಗಿದೆ ಅನ್ನೋದು ಜಾಸ್ತಿ ತೂಗುತ್ತೆ, ಬಡ ದೇಶದಲ್ಲಿ ಶಾಲೆ ಮತ್ತೆ ಮೇಷ್ಟ್ರು ಹೆಂಗಿದ್ದಾರೆ ಅನ್ನೋದು ಜಾಸ್ತಿ ತೂಗುತ್ತೆ ಅಂತ ಅವ್ರು ಕಂಡಿದ್ದು. ಅಂದ್ರೆ ನಮ್ಮಂಥ ಊರಲ್ಲಿ ನಿಮ್ಮ ಕೈಯಲ್ಲಿರೋದು ಬಹಳ ದೊಡ್ಡದು ಮೇಷ್ಟ್ರೇ.

ಓದದೋರಿಗೆ ಏನೂ ಬರಲ್ಲ ಅನ್ನೋ ಮಾತಿಗೆ ಒಂದು ಸಂಗತಿ ಹೇಳ್ಬೇಕು. ಐದನೇ ಕ್ಲಾಸಿನ ಒಬ್ಬ ಹುಡುಗ ದಶಮಾಂಶದ ಲೆಕ್ಕ ಇಟ್ಕೊಂಡು ಕೂತಿದ್ದ. 3.8 ದೊಡ್ದಾ 3.65 ದೊಡ್ದಾ ಅಂತ. ಅವ್ನು 3.65 ಅಂತ ಬರ್ದಿದ್ದ, ಯಾಕಂದ್ರೆ ಎಂಟಕ್ಕಿಂತ ಅರವತ್ತೈದು ದೊಡ್ಡದಲ್ವಾ ಅಂತ. ನಾನು ಹತ್ತನೇ ಸ್ಥಾನ ನೂರನೇ ಸ್ಥಾನ ಅಂತ ಎರಡು ಸಲ ಹೇಳಿದೆ, ತಲೆಗೆ ಹೋಗ್ಲಿಲ್ಲ. ಕರ್ಕೊಂಡು ಹೋಗೋಕೆ ಬಂದಿದ್ದ ಅವ್ನ ಅಜ್ಜಿ, ಹೆಬ್ಬೆಟ್ಟು ಒತ್ತೋರು, ಬಾಗಿಲಲ್ಲೇ ನಿಂತ್ಕೊಂಡು ಕೇಳಿಸ್ಕೊಂಡು ‘ಲೋ ಮಗ, ದಿನಾ ಹಾಲಿನ ಡೈರೀಲಿ ಮಿಷನ್ ನೋಡಕಿಲ್ವಾ ನೀನು. ಮೂರು ಪಾಯಿಂಟ್ ಎಂಟು ಅಂದ್ರೆ ಮೂರು ಲೀಟ್ರು ಎಂಟ್ನೂರು. ಮೂರು ಪಾಯಿಂಟ್ ಅರವತ್ತೈದು ಅಂದ್ರೆ ಮೂರು ಲೀಟ್ರು ಆರ್ನೂರೈವತ್ತು. ಯಾವ್ದುಕ್ಲಾ ದುಡ್ಡು ಜಾಸ್ತಿ ಕೊಡ್ತಾರೆ’ ಅಂದ್ರು. ಹುಡುಗ ತಕ್ಷಣ ರಬ್ಬರ್ ತಗೊಂಡು ಅಳಿಸಿ ಬರೆದ, ಆಮೇಲಿನ ಆರು ಲೆಕ್ಕ ಅವ್ನೇ ಮಾಡ್ದ, ಒಂದೂ ತಪ್ಪಿಲ್ಲ. ಮಂಡ್ಯ ಜಿಲ್ಲೇಲಿ ಹಾಲು ಹಾಕದ ಊರು ಯಾವ್ದಿದೆ ಹೇಳಿ. ಚೀಟಿ ಲೆಕ್ಕ, ಸಂಘದ ಬಡ್ಡಿ, ಮುಯ್ಯಿ ಲೆಕ್ಕ, ಕಬ್ಬಿನ ಟನ್ ಲೆಕ್ಕ, ಇಷ್ಟೆಲ್ಲಾ ಬಾಯಲ್ಲಿ ಇಟ್ಕೊಂಡಿರೋ ಹೆಂಗಸರನ್ನ ಒಂದು ದಿನಾನಾದ್ರೂ ಕ್ಲಾಸಿಗೆ ಕರೆದು ಮಕ್ಕಳ ಮುಂದೆ ಲೆಕ್ಕ ಹೇಳ್ಸಿದ್ದೀರಾ? ‘ನಮ್ಮವ್ವಂಗೆ ಏನೂ ಬರಲ್ಲ’ ಅಂದ ಆ ಹುಡುಗಿ ತನ್ನವ್ವ ಬೋರ್ಡ್ ಪಕ್ಕ ನಿಂತು ಲೆಕ್ಕ ಹೇಳೋದನ್ನ ನೋಡ್ಬೇಕು ಅನ್ನೋದು ನನ್ನ ದೊಡ್ಡ ಆಸೆ.

ನಿಮ್ಮ ಕಷ್ಟ ಗೊತ್ತಿಲ್ಲದೆ ಬರೀತಿಲ್ಲ. ಒಬ್ರೇ ಮಿಸ್ ಒಂದು, ಎರಡು, ಮೂರು ಮೂರೂ ಕ್ಲಾಸ್ ನೋಡ್ಬೇಕು, ಮಧ್ಯೆ ಹಾಲು, ಮೊಟ್ಟೆ, ಬಿಸಿಯೂಟದ ಲೆಕ್ಕ, ಮಕ್ಕಳ ವಿವರ ಆನ್‌ಲೈನಲ್ಲಿ ತುಂಬೋ ಎಸ್‌ಎಟಿಎಸ್ ಎಂಟ್ರಿ, ಸರ್ವೆ, ಎಲೆಕ್ಷನ್ ಡ್ಯೂಟಿ. ಎಷ್ಟೋ ಕಡೆ ಅತಿಥಿ ಶಿಕ್ಷಕರು, ಅವ್ರಿಗೆ ತಿಂಗಳ ಸಂಬಳನೇ ಸರಿಯಾಗಿ ಬರಲ್ಲ. ನಮ್ಮ ಪಂಚಾಯ್ತಿಗೇ ಸೇರಿದ ಇನ್ನೊಂದು ಶಾಲೇಲಿ ಒಬ್ರು ಮಿಸ್ ಇದ್ದಾರೆ, ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಇಪ್ಪತ್ತು ನಿಮಿಷ, ಮನೇಲಿ ಹೇಳ್ಕೊಡೋರಿಲ್ಲದ ಎಂಟು ಮಕ್ಕಳನ್ನ ಪಕ್ಕ ಕೂರಿಸ್ಕೊಂಡು ಓದಿಸ್ತಾರೆ, ಯಾರೂ ಹೇಳಿ ಮಾಡಿಸ್ತಿರೋದಲ್ಲ. ಆ ಮಕ್ಕಳು ಈಗ ನನ್ನ ಹತ್ರ ಬರೋದು ಕಥೆ ಪುಸ್ತಕಕ್ಕೆ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಒಂದನೇ, ಎರಡನೇ ಕ್ಲಾಸಿಗೆ ಹೋಮ್‌ವರ್ಕ್ ನಿಲ್ಲಿಸಿ. ಮೂರರ ಮೇಲಿನೋರಿಗೆ ಕೊಟ್ರೆ ಮಗು ಒಂದೇ ಕೂತು ಮಾಡೋ ಅಂಥದ್ದು ಕೊಡಿ, ದೊಡ್ಡೋರು ಓದಿ ಹೇಳ್ಬೇಕಾದ್ದು, ದುಡ್ಡು ಕೊಟ್ಟು ತರ್ಬೇಕಾದ್ದು ಬೇಡ. ಡೈರೀಲಿ ಬರೆಯೋ ಬದ್ಲು ವಾಟ್ಸಾಪಲ್ಲಿ ಒಂದು ವಾಯ್ಸ್ ಮೆಸೇಜ್ ಹಾಕಿ, ಕನ್ನಡದಲ್ಲಿ, ನೀವು ಊರಲ್ಲಿ ಸಿಕ್ಕಾಗ ಮಾತಾಡೋ ಥರಾನೇ. ಫೋನ್ ಅಪ್ಪನ ಜೊತೆ ಗಾಡೀಲಿ ಹೋಗಿರುತ್ತೆ, ರಾತ್ರಿ ಹತ್ತಕ್ಕೆ ಬಂದ್ಮೇಲೆ ಅವ್ವ ಕೇಳಿಸ್ಕೊಳ್ತಾಳೆ. ಸೈನ್ ನೋಡಿ ಓದಿದ್ದಾರೆ ಅಂತ ತಿಳೀಬೇಡಿ. ಸೇರಿಸ್ಕೊಳ್ಳುವಾಗ ಅಪ್ಪ ಅಮ್ಮ ಎಷ್ಟು ಓದಿದ್ದಾರೆ ಅಂತ ಫಾರ್ಮಲ್ಲಿ ಬರೆಸ್ಕೊಳ್ತೀರಲ್ಲ, ಅದನ್ನ ಆ ಮಗುಗೆ ಹತ್ತು ನಿಮಿಷ ಜಾಸ್ತಿ ಕೊಡೋಕೆ ಬಳಸಿ. ಪ್ರೈವೇಟ್ ಶಾಲೆಯೋರಿಗೂ ಒಂದು ಮಾತು, ಸೀಟ್ ಕೊಡೋಕೆ ಮುಂಚೆ ಮಗೂನೋ ಅಪ್ಪ ಅಮ್ಮನ್ನೋ ಇಂಟರ್‌ವ್ಯೂ ಮಾಡೋದನ್ನ ಅದೇ ಕಾಯ್ದೆಯ 13ನೇ ಸೆಕ್ಷನ್ ಬೇಡ ಅಂದಿದೆ, ಮೊದಲನೇ ಸಲಕ್ಕೇ 25,000 ರೂಪಾಯಿ ತನಕ ದಂಡ ಇದೆ.

ಮೀಟಿಂಗಲ್ಲಿ ಒಂದು ಮಗುವಿನ ವಿಷಯನ ಎಲ್ಲರ ಮುಂದೆ ಹೇಳ್ಬೇಡಿ, ಪಕ್ಕಕ್ಕೆ ಕರೆದು ಐದು ನಿಮಿಷ ಮಾತಾಡಿ. ಎಷ್ಟು ಓದಿದ್ದೀರಾ ಅಂತ ಕೇಳ್ಬೇಡಿ. ಬದಲಿಗೆ ಏನು ಮಾಡ್ಬಹುದು ಅಂತ ಹೇಳಿ, ದಿನಾ ರಾತ್ರಿ ಪುಸ್ತಕದಿಂದ ಒಂದು ಪೇಜ್ ಗಟ್ಟಿಯಾಗಿ ಓದಿಸ್ಕೊಂಡು ಕೇಳೋದು, ಎಲ್ಲಿ ತಡವರಿಸುತ್ತೆ ಅಂತ ಕಿವಿ ಕೊಟ್ರೆ ಅಕ್ಷರ ಬರದೇ ಇದ್ರೂ ಗೊತ್ತಾಗುತ್ತೆ. ಇವತ್ತು ಏನ್ ಕಲ್ತೆ ನಂಗೆ ಹೇಳ್ಕೊಡು ಅಂತ ಕೇಳೋದು. ಅಂಗಡಿ ಚಿಲ್ಲರೆ, ಹಾಲಿನ ಡೈರಿ ಲೆಕ್ಕ ಮಗು ಕೈಲೇ ಮಾಡ್ಸೋದು. ಮೀಟಿಂಗಿನ ಹೊತ್ತೂ ಬದಲಾಯಿಸಿ, ಬೆಳಿಗ್ಗೆ ಹನ್ನೊಂದಕ್ಕೆ ಇಟ್ರೆ ಕೂಲಿಯೋರು, ಗಾರ್ಮೆಂಟ್ಸಿನೋರು ಸಂಬಳ ಬಿಟ್ಟೇ ಬರ್ಬೇಕು. ಬಿಇಒ ಸಾಹೇಬ್ರೇ, ವರ್ಷಕ್ಕೆ ಎರಡಾದ್ರೂ ಸಭೆ ಭಾನುವಾರನೋ ಸಂಜೆ ಏಳರ ಮೇಲೋ ಇಡೋಕೆ ಮತ್ತೆ ಅದಕ್ಕೆ ಮೇಷ್ಟ್ರಿಗೆ ಬದಲಿ ರಜೆ ಕೊಡೋಕೆ ನೀವು ಒಂದು ಸುತ್ತೋಲೆ ಹೊರಡಿಸ್ಬೇಕು. ಶಾಲೆ ನೋಡ್ಕೊಳ್ಳೋ ಎಸ್‌ಡಿಎಂಸಿ ಸಮಿತೀಲಿ ಮುಕ್ಕಾಲು ಭಾಗ ಪೋಷಕರಿರ್ಬೇಕು, ಅರ್ಧ ಹೆಂಗಸರಿರ್ಬೇಕು ಅಂತ ಕಾಯ್ದೆ ಇದೆ, ಆದ್ರೆ ನಡಾವಳಿ ಪುಸ್ತಕನ ಮನೆಗೆ ಕಳಿಸಿ ಸೈನ್ ಹಾಕಿಸ್ಕೊಂಡು ಬರೋದನ್ನ ನಾನು ನೋಡಿದ್ದೀನಿ. ಸೈನ್ ಮುಂಚೆ ಅದನ್ನ ಗಟ್ಟಿಯಾಗಿ ಓದಿ ಹೇಳಿ, ಅಷ್ಟು ಸಾಕು.

ನನ್ನ ಕಡೆಯಿಂದ ಏನಾಗುತ್ತೋ ಅದನ್ನೂ ಹೇಳ್ತೀನಿ. ಸಂಜೆ ನಾಲ್ಕೂವರೆಯಿಂದ ಆರೂವರೆ ತನಕ ಲೈಬ್ರರಿ ತೆಗೆದಿರುತ್ತೆ, ನಿಮ್ಮ ಕ್ಲಾಸಲ್ಲಿ ಹಿಂದೆ ಬಿದ್ದಿರೋ ಮಕ್ಕಳ ಹೆಸ್ರು ಮತ್ತೆ ಯಾವ ಪಾಠ ಅನ್ನೋ ಒಂದು ಚೀಟಿ ಕಳಿಸಿದ್ರೆ ನಾನು ಕೂರಿಸ್ಕೊಂಡು ನೋಡ್ತೀನಿ, ಪಿಯುಸಿ ಓದೋ ಇಬ್ರು ಹುಡುಗೀರು ಸಹಾಯಕ್ಕೆ ಬರ್ತೀವಿ ಅಂದಿದ್ದಾರೆ. ಶಾಲೇಲಿ ಸಂಜೆ ಸಭೆ ಮಾಡೋಕೆ ಲೈಟ್ ಇಲ್ಲ, ವಾಚ್‌ಮನ್ ಇಲ್ಲ ಅಂದ್ರೆ ಲೈಬ್ರರೀಲೇ ಮಾಡಿ. ಬೀಗ ನನ್ನ ಹತ್ರಾನೇ ಇರುತ್ತೆ, ಕುರ್ಚಿ ಹದಿನೆಂಟಿದೆ, ಜಮಖಾನ ಪಂಚಾಯ್ತಿಯಿಂದ ತರಿಸ್ತೀನಿ. ಹನ್ನೊಂದು ಸೈನ್ ಹಾಕಿದ್ದ ಆ ತಾಯಿ ಹತ್ರ ಮಾತಾಡಿದ್ದೀನಿ, ಏಳೂಕಾಲಿನ ಮೇಲೆ ಇಟ್ರೆ ವ್ಯಾನ್ ಇಳಿದು ನೇರ ಬರ್ತೀನಿ ಅಂದಿದ್ದಾರೆ. ದಿನ ಯಾವ್ದು ಅಂತ ಎರಡು ದಿನ ಮುಂಚೆ ತಿಳಿಸಿ.

ಇಂತಿ ವಿಶ್ವಾಸದಿಂದ,
ಒಬ್ಬ ಗ್ರಾಮ ಪಂಚಾಯ್ತಿ ಲೈಬ್ರರಿ ಮೇಲ್ವಿಚಾರಕಿ
ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ